ಸಾಲ ತೀರಿಸಲು ಲೇಖನಿ ಹಿಡಿದ ಸರ್ ವಾಲ್ಟರ್ ಸ್ಕಾಟ್

1826ರ ಜನವರಿ ತಿಂಗಳಲ್ಲಿ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋ ನಗರವನ್ನು ಒಂದು ಸುದ್ದಿ ಬೆಚ್ಚಿಬೀಳಿಸಿತು. ಇಡೀ ಯುರೋಪು ಮುಗಿಬಿದ್ದು ಓದುತ್ತಿದ್ದ ಸಾಹಿತಿ, ದೊರೆಯಿಂದ ಬಿರುದು ಪಡೆದ ಗಣ್ಯ, ಟ್ವೀಡ್ ನದಿಯ ದಂಡೆಯ ಮೇಲೆ ಅರಮನೆಯಂಥ ಮನೆ ಕಟ್ಟಿಸಿದ್ದ ಭೂಮಾಲೀಕ ಸರ್ ವಾಲ್ಟರ್ ಸ್ಕಾಟ್ ದಿವಾಳಿಯ ಅಂಚಿಗೆ ಬಂದು ನಿಂತಿದ್ದ. ಅವನ ತಲೆಯ ಮೇಲೆ ಬಿದ್ದ ಸಾಲ ಸುಮಾರು 1,20,000 ಪೌಂಡ್. ಆ ಕಾಲದಲ್ಲಿ ಅದು ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ತೀರಿಸಬಹುದಾದ ಮೊತ್ತವಾಗಿರಲಿಲ್ಲ.

ಕಾನೂನು ಅವನಿಗೊಂದು ದಾರಿಯನ್ನು ತೆರೆದಿಟ್ಟಿತ್ತು. ದಿವಾಳಿ ಅರ್ಜಿ ಹಾಕಿ, ಇದ್ದುದನ್ನು ಸಾಲಗಾರರಿಗೆ ಹಂಚಿ ಕೈತೊಳೆದುಕೊಳ್ಳಬಹುದಿತ್ತು. ವೃತ್ತಿಯಿಂದ ವಕೀಲನಾಗಿದ್ದ ಸ್ಕಾಟ್‌ಗೆ ಇದು ತಿಳಿಯದ ಸಂಗತಿಯೇನಲ್ಲ. ಆದರೆ ಅವನು ಆ ದಾರಿ ಹಿಡಿಯಲಿಲ್ಲ. ನೆರವು ನೀಡಲು ಮುಂದೆ ಬಂದ ಸ್ನೇಹಿತರಿಗೂ ನಯವಾಗಿ ಇಲ್ಲವೆಂದ. ತನ್ನ ಬಲಗೈಯೊಂದನ್ನೇ ನಂಬಿ, ಬರೆದು ತೀರಿಸುವುದಾಗಿ ಮಾತು ಕೊಟ್ಟ. ಆಗ ಅವನಿಗೆ 54 ವರ್ಷ. ಉಳಿದ ಆರೂವರೆ ವರ್ಷಗಳ ಆಯುಷ್ಯವನ್ನು ಆ ಮಾತಿಗೇ ಸಲ್ಲಿಸಿದ. ಐತಿಹಾಸಿಕ ಕಾದಂಬರಿಯೆಂಬ ಪ್ರಕಾರಕ್ಕೆ ಆಧುನಿಕ ರೂಪ ಕೊಟ್ಟ ಈ ಲೇಖಕನ ಬದುಕಿನ ಉತ್ತರಾರ್ಧವು ಅವನ ಯಾವ ಕಾದಂಬರಿಗೂ ಕಡಿಮೆಯಿಲ್ಲದ ಕಥೆ.

ಕುಂಟುವ ಬಾಲಕ, ಲಾವಣಿಗಳ ನಾಡು

ವಾಲ್ಟರ್ ಸ್ಕಾಟ್ ಹುಟ್ಟಿದ್ದು 1771ರ ಆಗಸ್ಟ್ 15ರಂದು, ಎಡಿನ್‌ಬರೋ ನಗರದ ಹಳೆಯ ಕೇರಿಯೊಂದರಲ್ಲಿ. ತಂದೆ ಹೆಸರಾಂತ ಕಾನೂನು ವೃತ್ತಿಗಾರ. ತಾಯಿ ಆನ್ ವೈದ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರ ಮಗಳು. ಇಕ್ಕಟ್ಟಾದ ಗಲ್ಲಿಯ ಆ ಮನೆಯಲ್ಲಿ ವಾಲ್ಟರನ ಹಲವು ಒಡಹುಟ್ಟಿದವರು ಶೈಶವದಲ್ಲಿಯೇ ತೀರಿಕೊಂಡಿದ್ದರು. ಅವನಿಗೂ ಒಂದೂವರೆ ವರ್ಷವಾಗಿದ್ದಾಗ ಜ್ವರ ಬಂದು ಬಲಗಾಲು ಬಲಹೀನವಾಯಿತು. ಇಂದಿನ ವೈದ್ಯರು ಅದನ್ನು ಪೋಲಿಯೊ ಎಂದು ಗುರುತಿಸುತ್ತಾರೆ. ಆ ಕುಂಟು ಕೊನೆಯವರೆಗೂ ಅವನ ಜೊತೆಗಿತ್ತು.

ಹಳ್ಳಿಯ ಗಾಳಿ ಒಳ್ಳೆಯದೆಂದು ಮಗುವನ್ನು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಗಡಿ ಸೀಮೆಯಲ್ಲಿದ್ದ ಅಜ್ಜನ ಜಮೀನಿಗೆ ಕಳುಹಿಸಲಾಯಿತು. ಸ್ಯಾಂಡಿನೋ ಎಂಬ ಆ ತೋಟದ ಮನೆಯ ಪಕ್ಕದಲ್ಲೇ ಸ್ಮೇಲ್‌ಹೋಮ್ ಎಂಬ ಪಾಳುಬಿದ್ದ ಕೋಟೆಗೋಪುರವಿತ್ತು. ಶತಮಾನಗಳ ಕಾಲ ದನಗಳ್ಳತನ, ಸೇಡು, ಮುತ್ತಿಗೆಗಳನ್ನು ಕಂಡ ಸೀಮೆಯದು. ಸೋದರತ್ತೆ ಜೆನ್ನಿ ಹಾಡಿ ತೋರಿಸುತ್ತಿದ್ದ ಲಾವಣಿಗಳು, ಅಜ್ಜಿ ಹೇಳುತ್ತಿದ್ದ ಗಡಿಕಾಳಗದ ಕಥೆಗಳು, ಹೊಲದಲ್ಲಿ ದುಡಿಯುವ ಮುದುಕರ ನೆನಪುಗಳು ಆ ಮಗುವಿನ ಮೊದಲ ಪಾಠಗಳಾದವು. ಓಡಿ ಆಡಲಾಗದ ಬಾಲಕ ಕುಳಿತು ಕೇಳುವುದನ್ನು ಕಲಿತ. ಅವನ ಜ್ಞಾಪಕಶಕ್ತಿಯೂ ಅಸಾಧಾರಣವಾಗಿತ್ತು.

ಮುಂದೆ ಶಾಲೆ, ವಿಶ್ವವಿದ್ಯಾಲಯ, ತಂದೆಯ ಕಚೇರಿಯಲ್ಲಿ ದಸ್ತಾವೇಜುಗಳ ನಕಲು ತೆಗೆಯುವ ಕೆಲಸ. 1792ರಲ್ಲಿ ವಕೀಲನಾದ. ಆದರೆ ರಜೆ ಬಂದೊಡನೆ ಕುದುರೆ ಏರಿ ಲಿಡ್ಸ್‌ಡೇಲ್ ಕಣಿವೆಯತ್ತ ಹೊರಡುತ್ತಿದ್ದ. ರಸ್ತೆಯೇ ಇಲ್ಲದ ಆ ಕಾಡುಕಣಿವೆಯ ಕುರುಬರ, ರೈತರ ಮನೆಗಳಲ್ಲಿ ತಂಗಿ ಲಾವಣಿಗಳನ್ನು ಸಂಗ್ರಹಿಸುವುದು ಅವನಿಗೆ ವರ್ಷವರ್ಷದ ವ್ರತವಾಯಿತು. 1797ರಲ್ಲಿ ಫ್ರೆಂಚ್ ಮೂಲದ ಚಾರ್ಲಟ್ ಕಾರ್ಪೆಂಟರ್ ಅವರನ್ನು ಮದುವೆಯಾದ. 1799ರಲ್ಲಿ ಸೆಲ್ಕರ್ಕ್ ಸೀಮೆಯ ಶೆರಿಫ್ ಆಗಿ ನೇಮಕಗೊಂಡ. 1806ರಲ್ಲಿ ಎಡಿನ್‌ಬರೋದ ಉಚ್ಚ ನ್ಯಾಯಾಲಯದಲ್ಲಿ ಹಿರಿಯ ಹುದ್ದೆಯೊಂದು ದೊರೆಯಿತು. ಬರವಣಿಗೆಯ ನಡುವೆಯೂ ಈ ಸರ್ಕಾರಿ ಕೆಲಸವನ್ನು ಅವನು ಅಲಕ್ಷಿಸಲಿಲ್ಲ.

ಸಂಗ್ರಹಿಸಿದ ಲಾವಣಿಗಳು 1802 ಮತ್ತು 1803ರಲ್ಲಿ ಮೂರು ಸಂಪುಟಗಳಾಗಿ ಹೊರಬಂದವು. ಕುರುಬ ಕವಿ ಜೇಮ್ಸ್ ಹಾಗ್‌ನ ತಾಯಿ ಮಾರ್ಗರೆಟ್ ಮಾತ್ರ ಸ್ಕಾಟ್‌ನನ್ನು ತರಾಟೆಗೆ ತೆಗೆದುಕೊಂಡಳು. ಹಾಡಲೆಂದು ಇದ್ದವನ್ನು ಓದಲೆಂದು ಅಚ್ಚುಹಾಕಿ ಕೆಡಿಸಿದೆಯೆಂಬುದು ಆ ಮುದುಕಿಯ ಆಕ್ಷೇಪ. ಈ ಆಕ್ಷೇಪದಲ್ಲಿ ಹುರುಳಿತ್ತು. ಬಾಯಿಂದ ಬಾಯಿಗೆ ಬರುತ್ತಿದ್ದ ಪಾಠಗಳನ್ನು ಸ್ಕಾಟ್ ತನಗೆ ಸರಿಕಂಡಂತೆ ತಿದ್ದಿ ಜೋಡಿಸಿದ್ದೂ ಉಂಟು. ಆದರೆ ಅವನು ಬರೆದಿಡದಿದ್ದರೆ ಅವುಗಳಲ್ಲಿ ಎಷ್ಟೋ ಉಳಿಯುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ.

ಕವಿಯ ಪಟ್ಟದಿಂದ ಅನಾಮಧೇಯನಾಗಿ

ಸ್ಕಾಟ್ ಮೊದಲು ಪ್ರಸಿದ್ಧನಾದದ್ದು ಕಥನಕವನಗಳಿಂದ. 1805, 1808 ಮತ್ತು 1810ರಲ್ಲಿ ಪ್ರಕಟವಾದ ಮೂರು ದೀರ್ಘ ಕಾವ್ಯಗಳು ಅವನನ್ನು ಮನೆಮಾತಾಗಿಸಿದವು. ಎರಡನೆಯ ಕಾವ್ಯಕ್ಕೆ ಪ್ರಕಾಶಕ ಆರ್ಚಿಬಾಲ್ಡ್ ಕಾನ್‌ಸ್ಟೆಬಲ್ 1000 ಗಿನಿಗಳನ್ನು ಮುಂಗಡವಾಗಿಯೇ ಕೊಟ್ಟ. ಮೂರನೆಯದರ ಕಥೆ ನಡೆಯುವ ಲಾಕ್ ಕ್ಯಾಟ್ರಿನ್ ಸರೋವರವನ್ನು ನೋಡಲು ಜನ ಗುಂಪುಗುಂಪಾಗಿ ಹೊರಟರು. 1813ರಲ್ಲಿ ಆಸ್ಥಾನಕವಿಯ ಪದವಿ ಒಲಿದು ಬಂತು. ಸ್ಕಾಟ್ ಅದನ್ನು ಒಪ್ಪಿಕೊಳ್ಳದೆ ರಾಬರ್ಟ್ ಸದೆಯ ಹೆಸರನ್ನು ಸೂಚಿಸಿದ. ಅಷ್ಟರಲ್ಲಿ ಬೈರನ್ ಎಂಬ ಹೊಸ ಕವಿಯ ಉದಯವಾಗಿತ್ತು. ಕಾವ್ಯದಲ್ಲಿ ತನ್ನ ಕಾಲ ಮುಗಿಯುತ್ತ ಬಂದಿದೆಯೆಂಬುದನ್ನು ಸ್ಕಾಟ್ ಯಾವ ಕಹಿಯೂ ಇಲ್ಲದೆ ಅರಿತುಕೊಂಡ.

ವರ್ಷಗಳ ಹಿಂದೆ ಬರೆಯತೊಡಗಿ ಕೈಬಿಟ್ಟಿದ್ದ ಕಾದಂಬರಿಯೊಂದರ ಹಸ್ತಪ್ರತಿ ಹಳೆಯ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಮೀನು ಹಿಡಿಯುವ ಗಾಳದ ಸಾಮಾನು ಹುಡುಕುವಾಗ ಅದು ಕೈಗೆ ಸಿಕ್ಕಿತೆಂದು ಸ್ಕಾಟ್ ಮುಂದೆ ಹೇಳಿಕೊಂಡ. ಮೂರು ಸಂಪುಟಗಳ ಆ ಕೃತಿಯ ಕೊನೆಯ ಎರಡನ್ನು 1814ರ ಬೇಸಗೆಯಲ್ಲಿ ಮೂರೇ ವಾರಗಳಲ್ಲಿ ಬರೆದು ಮುಗಿಸಿದ. ಆ ದಿನಗಳಲ್ಲಿ ಎದುರು ಬೀದಿಯ ಮನೆಯೊಂದರಲ್ಲಿ ಗೋಷ್ಠಿ ಸೇರಿದ್ದ ಯುವ ವಕೀಲರಿಗೆ ಕಿಟಕಿಯಿಂದ ಒಂದು ಕೈ ಮಾತ್ರ ಕಾಣುತ್ತಿತ್ತಂತೆ. ದೀಪ ಹಚ್ಚಿದ ಮೇಲೂ ಅದು ಹಾಳೆಯ ಮೇಲೆ ಹಾಳೆ ತುಂಬುತ್ತಲೇ ಇತ್ತು. ಅಳಿಯ ಜಾನ್ ಲಾಕ್‌ಹಾರ್ಟ್ ಬರೆದ ಜೀವನಚರಿತ್ರೆಯಲ್ಲಿ ಈ ಪ್ರಸಂಗ ಬರುತ್ತದೆ.

1814ರ ಜುಲೈಯಲ್ಲಿ ‘ವೇವರ್ಲಿ’ ಪ್ರಕಟವಾಯಿತು. ಮುಖಪುಟದಲ್ಲಿ ಲೇಖಕನ ಹೆಸರಿರಲಿಲ್ಲ. ನ್ಯಾಯಾಲಯದ ಅಧಿಕಾರಿಯೊಬ್ಬ ಕಾದಂಬರಿ ಬರೆಯುವುದು ಅಂದಿನ ಕಾಲಕ್ಕೆ ಗೌರವದ ಕೆಲಸವಾಗಿರಲಿಲ್ಲ. ಸೋತರೆ ಕವಿಯಾಗಿ ಗಳಿಸಿದ ಹೆಸರಿಗೆ ಕುಂದು ಎಂಬ ಅಳುಕೂ ಇತ್ತು. ಆದರೆ ಮೊದಲ ಮುದ್ರಣದ 1000 ಪ್ರತಿಗಳು ಬಹುಬೇಗ ಖರ್ಚಾಗಿ ಮರುಮುದ್ರಣಗಳು ಸಾಲುಗಟ್ಟಿದವು. ಆಮೇಲೆ ಬಂದ ಕಾದಂಬರಿಗಳಲ್ಲಿ ಹಲವು ವೇವರ್ಲಿಯ ಕರ್ತೃ ಎಂಬ ಅಂಕಿತದಲ್ಲಿ ಹೊರಬಂದವು. ಆ ಕರ್ತೃ ಯಾರೆಂದು ಊಹಿಸುವುದೇ ಓದುಗರಿಗೆ ಒಂದು ಆಟವಾಯಿತು. ಬಲ್ಲವರು ಬಲ್ಲರು, ಆದರೆ ಸ್ಕಾಟ್ 13 ವರ್ಷ ಬಾಯಿ ಬಿಡಲಿಲ್ಲ.

ಇತಿಹಾಸಕ್ಕೆ ಸಾಮಾನ್ಯರ ಕಣ್ಣು

‘ವೇವರ್ಲಿ’ಯ ವಸ್ತು 1745ರ ಬಂಡಾಯ. ಪದಚ್ಯುತ ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸ್ ಸ್ಕಾಟ್ಲೆಂಡಿನ ಮಲೆನಾಡ ಪಂಗಡಗಳನ್ನು ಕಟ್ಟಿಕೊಂಡು ಬ್ರಿಟಿಷ್ ಸಿಂಹಾಸನಕ್ಕಾಗಿ ಹೋರಾಡಿ, 1746ರಲ್ಲಿ ಕಲೋಡನ್ ಬಯಲಿನಲ್ಲಿ ನೆಲಕಚ್ಚಿದ್ದ. ಅನಂತರ ಸರ್ಕಾರ ಮಲೆನಾಡಿಗರ ಪಂಗಡ ವ್ಯವಸ್ಥೆಯನ್ನು ಮುರಿಯಿತು. ಅವರ ಉಡುಪನ್ನೂ ನಿಷೇಧಿಸಿತು. ಆ ಕಾಳಗವನ್ನು ಕಣ್ಣಾರೆ ಕಂಡ ಮುದುಕರು ಸ್ಕಾಟ್‌ನ ಬಾಲ್ಯದಲ್ಲಿ ಇನ್ನೂ ಬದುಕಿದ್ದರು. ಅವರ ಬಾಯಿಂದ ಕೇಳಿದ್ದನ್ನು ಅವನು ಕಾದಂಬರಿಗೆ ತಂದ.

ಹೊಸತನವಿದ್ದದ್ದು ತಂದ ರೀತಿಯಲ್ಲಿ. ಅದುವರೆಗಿನ ಕಥೆಗಳಲ್ಲಿ ಗತಕಾಲವೆಂದರೆ ಬಣ್ಣದ ಪರದೆಯಷ್ಟೆ. ಅದರ ಮುಂದೆ ನಿಂತವರು ಲೇಖಕನ ಕಾಲದವರಂತೆಯೇ ಯೋಚಿಸುತ್ತಿದ್ದರು. ಮನುಷ್ಯನ ನಂಬಿಕೆ, ಭಾಷೆ, ಭಯ, ಮಾನದ ಕಲ್ಪನೆಗಳನ್ನು ರೂಪಿಸುವುದೇ ಅವನ ಕಾಲ ಎಂಬುದನ್ನು ಸ್ಕಾಟ್ ಕಥೆಯ ಒಡಲಲ್ಲಿ ತೋರಿಸಿದ. ರಾಜರು, ಸೇನಾಪತಿಗಳು ಅವನ ಕಾದಂಬರಿಗಳಲ್ಲಿ ಬಂದು ಹೋಗುತ್ತಾರೆ. ನಡುವೆ ನಿಲ್ಲುವವನು ಎರಡು ಪಕ್ಷಗಳ ಮಧ್ಯೆ ಸಿಕ್ಕ ಸಾಧಾರಣ ವ್ಯಕ್ತಿ. ಭಿಕ್ಷುಕರು, ಜೀತದಾಳುಗಳು, ಹೈನು ಮಾಡುವ ಹೆಣ್ಣುಮಕ್ಕಳು ತಮ್ಮದೇ ಸ್ಕಾಟ್ಸ್ ನುಡಿಯಲ್ಲಿ ಮಾತನಾಡುತ್ತಾರೆ. 1818ರ ‘ದಿ ಹಾರ್ಟ್ ಆಫ್ ಮಿಡ್‌ಲೋಥಿಯನ್’ ಕಾದಂಬರಿಯ ನಾಯಕಿ ಜೀನಿ ಡೀನ್ಸ್ ಒಬ್ಬ ಬಡ ರೈತನ ಮಗಳು. ನ್ಯಾಯಾಲಯದಲ್ಲಿ ಒಂದು ಸುಳ್ಳು ಹೇಳಿದರೆ ತಂಗಿಯ ಪ್ರಾಣ ಉಳಿಯುತ್ತದೆ. ಆ ಸುಳ್ಳಿಗೆ ಅವಳ ನಾಲಿಗೆ ಏಳುವುದಿಲ್ಲ. ಬದಲಿಗೆ ಕ್ಷಮಾದಾನ ಬೇಡಲು ಲಂಡನ್ನಿನತ್ತ ಕಾಲ್ನಡಿಗೆಯಲ್ಲಿ ಹೊರಡುತ್ತಾಳೆ.

1819ರ ಕೊನೆಯಲ್ಲಿ ಬಂದ ‘ಐವನ್‌ಹೋ’ ಸ್ಕಾಟ್ಲೆಂಡಿನ ಗಡಿ ದಾಟಿ 12ನೇ ಶತಮಾನದ ಇಂಗ್ಲೆಂಡಿಗೆ ಕಾಲಿಟ್ಟಿತು. ಸಿಂಹಹೃದಯಿ ರಿಚರ್ಡ್ ದೊರೆ, ರಾಬಿನ್ ಹುಡ್ ಇವರ ನಡುವೆ ರೆಬೆಕಾ ಎಂಬ ಯಹೂದಿ ಯುವತಿಯ ಪಾತ್ರವೇ ಓದುಗರ ಮನಸ್ಸಿನಲ್ಲಿ ಹೆಚ್ಚು ಕಾಲ ನಿಂತಿತು. ಇಟಲಿಯ ಮನ್ಜೋನಿ, ಫ್ರಾನ್ಸಿನ ಬಾಲ್ಜಾಕ್, ಹ್ಯೂಗೊ, ಡ್ಯೂಮಾ, ರಷ್ಯಾದ ಪುಷ್ಕಿನ್, ಅಮೆರಿಕದ ಕೂಪರ್ ಎಲ್ಲರೂ ಸ್ಕಾಟ್ ತೆರೆದ ದಾರಿಯಲ್ಲಿ ತಮ್ಮ ತಮ್ಮ ನಾಡಿನ ಇತಿಹಾಸವನ್ನು ಅರಸಿ ಹೊರಟರು.

ದೋಷಗಳೂ ಇಲ್ಲದಿಲ್ಲ. ಕಥೆ ಬಿಸಿಯೇರುವ ಮೊದಲು ಅಧ್ಯಾಯಗಟ್ಟಲೆ ಪೀಠಿಕೆ ಹಾಕುವುದು, ಅವಸರದಲ್ಲಿ ಮುಗಿಸಿಬಿಡುವುದು, ಕುಲೀನ ನಾಯಕನಾಯಿಕೆಯರು ಸಪ್ಪೆಯಾಗಿರುವುದು ಅವನ ಅಭಿಮಾನಿಗಳೂ ಒಪ್ಪುವ ಕುಂದುಗಳು. ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಹುಸಿ ಶೌರ್ಯದ ಹುಚ್ಚು ಹಿಡಿಸಿದವನೇ ಸ್ಕಾಟ್ ಎಂದು ಮಾರ್ಕ್ ಟ್ವೇನ್ 1883ರಲ್ಲಿ ಕಟುವಾಗಿ ಟೀಕಿಸಿದ. ಇನ್ನೊಂದು ಕಡೆ, ರಾಜಕೀಯದಲ್ಲಿ ಸಂಪ್ರದಾಯವಾದಿಯಾಗಿದ್ದ ಇದೇ ಸ್ಕಾಟ್‌ನನ್ನು ಹಂಗೆರಿಯ ಮಾರ್ಕ್ಸ್‌ವಾದಿ ವಿಮರ್ಶಕ ಲುಕಾಚ್ ಐತಿಹಾಸಿಕ ಕಾದಂಬರಿಯ ಜನಕನೆಂದು ಎತ್ತಿ ಹಿಡಿದ.

ಭೂಮಿಯ ಹಸಿವು, ಹುಂಡಿಗಳ ಬಲೆ

ಸ್ಕಾಟ್‌ನ ಅವನತಿಯ ಬೀಜವನ್ನು ಬಿತ್ತಿದವನು ಸ್ಕಾಟ್‌ನೇ. 1811ರಲ್ಲಿ ಅವನು ಟ್ವೀಡ್ ನದಿಯ ದಂಡೆಯಲ್ಲಿ ಸುಮಾರು 110 ಎಕರೆಯ ಒಂದು ಸಾಮಾನ್ಯ ಜಮೀನು ಕೊಂಡ. ಅದಕ್ಕೆ ಅಬಟ್ಸ್‌ಫರ್ಡ್ ಎಂದು ಹೆಸರಿಟ್ಟ. ಒಂದೊಂದು ಕಾದಂಬರಿ ಬಂದಾಗಲೂ ಅಕ್ಕಪಕ್ಕದ ಹೊಲಗಳನ್ನು ಕೇಳಿದ ಬೆಲೆಗೆ ಕೊಳ್ಳುತ್ತ ಹೋದ. ಹಳೆಯ ತೋಟದ ಮನೆ ಕೆಡವಿ ಗೋಪುರಗಳ ಮಹಲು ಕಟ್ಟಿಸಿದ. ಸಾವಿರಾರು ಗ್ರಂಥಗಳು, ಕತ್ತಿ ಗುರಾಣಿಗಳು, ಇತಿಹಾಸಪುರುಷರ ಸ್ಮಾರಕ ವಸ್ತುಗಳು ಅಲ್ಲಿ ತುಂಬಿಕೊಂಡವು. ಅತಿಥಿಗಳ ಸಂದಣಿ ಮುಗಿಯುತ್ತಲೇ ಇರಲಿಲ್ಲ. ಅವನು ಮಾತ್ರ ನಸುಕಿನ ಐದಕ್ಕೆ ಎದ್ದು, ಬಂದವರು ಉಪಾಹಾರಕ್ಕೆ ಕೂಡುವ ಹೊತ್ತಿಗೆ ದಿನದ ಬರವಣಿಗೆಯ ಬಹುಭಾಗ ಮುಗಿಸಿರುತ್ತಿದ್ದ.

ಹೊರಗಿನ ಮರ್ಯಾದೆಗೂ ಕೊರತೆಯಿರಲಿಲ್ಲ. 1707ರ ಒಕ್ಕೂಟದ ನಂತರ ಬೀಗ ಹಾಕಿಟ್ಟು ಮರೆತಂತಾಗಿದ್ದ ಸ್ಕಾಟ್ಲೆಂಡಿನ ರಾಜಮುಕುಟ ಮತ್ತು ಖಡ್ಗ, ಸ್ಕಾಟ್‌ನ ಒತ್ತಾಯದಿಂದ ನಡೆದ ಶೋಧನೆಯಲ್ಲಿ 1818ರಲ್ಲಿ ಎಡಿನ್‌ಬರೋ ಕೋಟೆಯ ಪೆಟ್ಟಿಗೆಯಿಂದ ಹೊರಬಂದವು. 1820ರಲ್ಲಿ ಬ್ಯಾರೊನೆಟ್ ಪದವಿ ದೊರೆಯಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಭೇಟಿಯಿತ್ತಾಗ ಸಮಾರಂಭದ ಸೂತ್ರಧಾರ ಸ್ಕಾಟ್. ಒಮ್ಮೆ ನಿಷೇಧಕ್ಕೊಳಗಾಗಿದ್ದ ಮಲೆನಾಡಿಗರ ಚೌಕಳಿ ಉಡುಪು ಇಡೀ ಸ್ಕಾಟ್ಲೆಂಡಿನ ರಾಷ್ಟ್ರೀಯ ಲಾಂಛನವಾದದ್ದು ಅಂದಿನಿಂದ.

ಆದರೆ ಈ ವೈಭವದ ಅಡಿಪಾಯ ಗಟ್ಟಿಯಿರಲಿಲ್ಲ. ಬಾಲ್ಯದ ಗೆಳೆಯ ಜೇಮ್ಸ್ ಬ್ಯಾಲಂಟೈನ್‌ನ ಮುದ್ರಣಾಲಯದಲ್ಲಿ ಸ್ಕಾಟ್ 1805ರಿಂದಲೇ ಗುಪ್ತ ಪಾಲುದಾರ. ಮುದ್ರಣಾಲಯ, ಪ್ರಕಾಶಕ ಕಾನ್‌ಸ್ಟೆಬಲ್ ಮತ್ತು ಅವನ ಲಂಡನ್ನಿನ ವ್ಯಾಪಾರ ಪ್ರತಿನಿಧಿಗಳ ನಡುವೆ ಹುಂಡಿಗಳು ಓಡಾಡುತ್ತಿದ್ದವು. ಒಬ್ಬರಿಗೊಬ್ಬರು ಜಾಮೀನು. ಇನ್ನೂ ಬರೆಯದ, ಹೆಸರನ್ನೂ ಇಡದ ಕಾದಂಬರಿಗಳ ಮೇಲೂ ಮುಂಗಡ ಎತ್ತಲಾಗಿತ್ತು. 1825ರ ಕೊನೆಯಲ್ಲಿ ಲಂಡನ್ನಿನ ಹಣದ ಪೇಟೆ ಕುಸಿಯಿತು. ಲಂಡನ್ನಿನ ಸಂಸ್ಥೆ ಬಿದ್ದೊಡನೆ ಕಾನ್‌ಸ್ಟೆಬಲ್ ಬಿದ್ದ. ಕಾನ್‌ಸ್ಟೆಬಲ್ ಬಿದ್ದೊಡನೆ ಬ್ಯಾಲಂಟೈನ್ ಬಿದ್ದ. ಗುಪ್ತ ಪಾಲುದಾರನ ಗುಟ್ಟು ರಟ್ಟಾಯಿತು. ಒಂದು ವರ್ಷದ ಹಿಂದಷ್ಟೇ ಹಿರಿಯ ಮಗನ ಮದುವೆಯ ಸಂದರ್ಭದಲ್ಲಿ ಅಬಟ್ಸ್‌ಫರ್ಡ್ ಆಸ್ತಿಯನ್ನು ಅವನ ಹೆಸರಿಗೆ ಬರೆದಿದ್ದರಿಂದ ಮನೆಯೊಂದು ಉಳಿಯಿತು. ಎಡಿನ್‌ಬರೋದ ಮನೆಯನ್ನು ಮಾರಬೇಕಾಯಿತು. ಮೇ ತಿಂಗಳಲ್ಲಿ ಪತ್ನಿ ಚಾರ್ಲಟ್ ಅಬಟ್ಸ್‌ಫರ್ಡ್‌ನಲ್ಲಿ ಕಣ್ಣು ಮುಚ್ಚಿದಾಗ, ನ್ಯಾಯಾಲಯದ ಕೆಲಸಕ್ಕೆ ಕಟ್ಟುಬಿದ್ದಿದ್ದ ಸ್ಕಾಟ್ ಬಾಡಿಗೆಯ ಕೋಣೆಯೊಂದರಲ್ಲಿದ್ದ.

ಮಾತು ಉಳಿಸಿಕೊಂಡ ಬಗೆ

ಆಮೇಲಿನದು ಎಡೆಬಿಡದ ದುಡಿಮೆ. ಸ್ಕಾಟ್‌ನ ಬರವಣಿಗೆಯಿಂದ ಬಂದ ಹಣವೆಲ್ಲ ಸಾಲಗಾರರ ಪರವಾದ ಟ್ರಸ್ಟಿಗಳಿಗೆ ನೇರವಾಗಿ ಸೇರತೊಡಗಿತು. 1826ರಲ್ಲಿ ‘ವುಡ್‌ಸ್ಟಾಕ್’ ಕಾದಂಬರಿ 8000 ಪೌಂಡಿಗೂ ಹೆಚ್ಚು ತಂದಿತು. 1827ರಲ್ಲಿ ಒಂಬತ್ತು ಸಂಪುಟಗಳ ನೆಪೋಲಿಯನ್ ಚರಿತ್ರೆ 18,000 ಪೌಂಡ್ ಗಳಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ರಂಗಭೂಮಿ ಕಲಾವಿದರ ನೆರವಿಗಾಗಿ ಏರ್ಪಟ್ಟ ಔತಣಕೂಟದಲ್ಲಿ, ವೇವರ್ಲಿ ಕಾದಂಬರಿಗಳೆಲ್ಲ ತನ್ನವೇ ಎಂದು ಸ್ಕಾಟ್ ಮೊದಲ ಬಾರಿಗೆ ಬಹಿರಂಗವಾಗಿ ಒಪ್ಪಿಕೊಂಡ. 1829ರಿಂದ ಎಲ್ಲ ಕಾದಂಬರಿಗಳೂ ಹೊಸ ಪೀಠಿಕೆ, ಟಿಪ್ಪಣಿಗಳೊಡನೆ ಐದು ಶಿಲಿಂಗ್ ಬೆಲೆಯ ಸಂಪುಟಗಳಾಗಿ ತಿಂಗಳು ತಿಂಗಳಿಗೆ ಹೊರಬಂದವು. ಮಧ್ಯಮವರ್ಗದ ಮನೆಮನೆಗೂ ಸ್ಕಾಟ್ ತಲುಪಿದ್ದು ಈ 48 ಸಂಪುಟಗಳ ಮಾಲೆಯಿಂದ.

ದೇಹ ಸೋಲುತ್ತಿತ್ತು. 1830ರ ಫೆಬ್ರವರಿಯಲ್ಲಿ ಪಾರ್ಶ್ವವಾಯು ಬಡಿಯಿತು. ವೈದ್ಯರು ಬರೆಯಬೇಡವೆಂದರೂ ಕೇಳಲಿಲ್ಲ. ಕೈ ನಡುಗಿದಾಗ ಇನ್ನೊಬ್ಬರಿಂದ ಬರೆಯಿಸಿದ. ಅದೇ ವರ್ಷದ ಕೊನೆಗೆ ಸಾಲಗಾರರೇ ಕೃತಜ್ಞತೆಯಿಂದ ಅವನ ಗ್ರಂಥಭಂಡಾರ ಮತ್ತು ಪೀಠೋಪಕರಣಗಳನ್ನು ಅವನಿಗೆ ಹಿಂದಿರುಗಿಸಿದರು. ಮರುವರ್ಷ ರೋಗ ಮರುಕಳಿಸಿತು. ಹವೆ ಬದಲಾವಣೆಗೆಂದು ಸರ್ಕಾರವೇ ಯುದ್ಧನೌಕೆಯೊಂದರಲ್ಲಿ ಅವನನ್ನು ಮಾಲ್ಟಾ ಮತ್ತು ನೇಪಲ್ಸ್‌ಗೆ ಕಳುಹಿಸಿತು. ಆದರೆ ಮನಸ್ಸು ಮನೆಯತ್ತಲೇ ಎಳೆಯುತ್ತಿತ್ತು. ಹಿಂದಿರುಗುವ ದಾರಿಯಲ್ಲಿ ಮತ್ತೆ ಆಘಾತವಾಯಿತು. ಪ್ರಜ್ಞೆ ಮಸುಕಾದ ಸ್ಥಿತಿಯಲ್ಲಿ ಅಬಟ್ಸ್‌ಫರ್ಡ್ ತಲುಪಿ, 1832ರ ಸೆಪ್ಟೆಂಬರ್ 21ರಂದು 61ನೇ ವಯಸ್ಸಿನಲ್ಲಿ ತೀರಿಕೊಂಡ. ಡ್ರೈಬರೋ ಮಠದ ಅವಶೇಷಗಳ ನಡುವೆ, ಪತ್ನಿಯ ಪಕ್ಕದಲ್ಲಿ ಅವನ ಸಮಾಧಿಯಿದೆ.

ಕನ್ನಡನಾಡಿನ ನಂಟು

ಸ್ಕಾಟ್ ಭಾರತವನ್ನು ಕಾಣಲಿಲ್ಲ. ಆದರೆ ಲಾವಣಿ ಸಂಗ್ರಹದಲ್ಲಿ ಅವನಿಗೆ ನೆರವಾದ ಗೆಳೆಯ ಜಾನ್ ಲೇಡನ್ 1803ರಲ್ಲಿ ಮದರಾಸಿಗೆ ಬಂದು, ಮೈಸೂರು ಸೀಮೆಯ ಸಮೀಕ್ಷೆಯ ತಂಡದಲ್ಲಿ ವೈದ್ಯನಾಗಿ ದುಡಿದ. ಕಾಯಿಲೆ ಬಿದ್ದು ಶ್ರೀರಂಗಪಟ್ಟಣದಲ್ಲಿ ಕೆಲಕಾಲ ಕಳೆದ. ಸಾಲದ ಹೊರೆಯಡಿ ಸ್ಕಾಟ್ 1827ರಲ್ಲಿ ಬರೆದ ‘ದಿ ಸರ್ಜನ್ಸ್ ಡಾಟರ್’ ಎಂಬ ಕಥೆಯ ಕೊನೆಯ ಭಾಗ ನಡೆಯುವುದು ಮೈಸೂರು ಸೀಮೆಯಲ್ಲಿ. ಭಾರತದಲ್ಲಿ ಸೇವೆ ಸಲ್ಲಿಸಿದ್ದ ಕರ್ನಲ್ ಫರ್ಗುಸನ್ ಎಂಬ ಸ್ನೇಹಿತನಿಂದ ಕೇಳಿ ತಿಳಿದ ವಿವರಗಳೇ ಅದಕ್ಕೆ ಆಧಾರ. ಸ್ಕಾಟ್ಲೆಂಡಿನ ವೈದ್ಯನ ಮಗಳೊಬ್ಬಳನ್ನು ಅವಳ ಪ್ರಿಯಕರನೇ ಮೋಸದಿಂದ ಭಾರತಕ್ಕೆ ಕರೆತಂದು ಟಿಪ್ಪುವಿಗೆ ಒಪ್ಪಿಸಲು ಹವಣಿಸುತ್ತಾನೆ. ಫಕೀರನ ವೇಷದಲ್ಲಿದ್ದ ಹೈದರಾಲಿ ಬೆಂಗಳೂರಿನ ದರ್ಬಾರಿನಲ್ಲಿ ನಿಜರೂಪ ತೋರಿ, ಆಕೆಯನ್ನು ಬಿಡಿಸಿ, ದ್ರೋಹಿಯನ್ನು ಆನೆಯ ಕಾಲಡಿ ತುಳಿಸುತ್ತಾನೆ. ಇತಿಹಾಸದ ದೃಷ್ಟಿಯಿಂದ ಇದು ಕಟ್ಟುಕಥೆ. ಆದರೂ ಬ್ರಿಟಿಷ್ ಓದುಗರು ತಮ್ಮ ಶತ್ರುವೆಂದೇ ತಿಳಿದಿದ್ದ ಹೈದರನನ್ನು ಇಲ್ಲಿ ನ್ಯಾಯ ನೀಡುವ ದೊರೆಯಾಗಿ ಕಾಣುತ್ತಾರೆಂಬುದು ಗಮನಾರ್ಹ.

ಈ ಕಥೆ ಬಂದು ಹನ್ನೆರಡು ವರ್ಷಗಳ ನಂತರ, 1839ರಲ್ಲಿ, ಸ್ಕಾಟ್‌ನ ಹಿರಿಯ ಮಗ ಎರಡನೆಯ ಸರ್ ವಾಲ್ಟರನ ಅಶ್ವದಳಕ್ಕೆ ಭಾರತಕ್ಕೆ ಹೊರಡುವ ಆಜ್ಞೆ ಬಂತು. ಅವನು ಬೆಂಗಳೂರಿನ ದಂಡಿನಲ್ಲಿ ಸೇವೆ ಸಲ್ಲಿಸಿ, 1846ರಲ್ಲಿ ಅಲ್ಲಿಯೇ ಜ್ವರಕ್ಕೆ ತುತ್ತಾದ. ಊರಿಗೆ ಮರಳುವ ಹಡಗಿನಲ್ಲಿ 1847ರ ಫೆಬ್ರವರಿಯಲ್ಲಿ ಆಫ್ರಿಕದ ಗುಡ್ ಹೋಪ್ ಭೂಶಿರದ ಬಳಿ ಅಸುನೀಗಿದ. ಮಕ್ಕಳಿಲ್ಲದ ಅವನೊಂದಿಗೆ ಬ್ಯಾರೊನೆಟ್ ಪದವಿಯೂ ಕೊನೆಗೊಂಡಿತು. ವಂಶವೊಂದನ್ನು ಸ್ಥಾಪಿಸಬೇಕೆಂಬ ಸ್ಕಾಟ್‌ನ ಹಂಬಲ ಎರಡನೆಯ ತಲೆಮಾರಿಗೇ ಮುಗಿಯಿತು.

ಸಾಹಿತ್ಯದ ವಂಶ ಹಾಗಾಗಲಿಲ್ಲ. 1865ರಲ್ಲಿ ಬಂಕಿಮಚಂದ್ರರ ‘ದುರ್ಗೇಶನಂದಿನಿ’ ಬಂದಾಗ ಓದುಗರು ಅದರಲ್ಲಿ ‘ಐವನ್‌ಹೋ’ದ ಛಾಯೆ ಕಂಡರು. ಅದನ್ನು ತಾವು ಮೊದಲೇ ಓದಿರಲಿಲ್ಲವೆಂದು ಬಂಕಿಮರು ಹೇಳಿದರೂ ಹೋಲಿಕೆಯ ಮಾತು ನಿಲ್ಲಲಿಲ್ಲ. ಬಂಕಿಮರನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು. ಮರಾಠಿಯ ಹರಿನಾರಾಯಣ ಆಪಟೆಯವರನ್ನು ಗಳಗನಾಥರು ತಂದರು. ಅವರ ನಂತರ ಮಾಸ್ತಿಯವರ ‘ಚಿಕವೀರ ರಾಜೇಂದ್ರ’, ತ.ರಾ.ಸು. ಅವರ ‘ದುರ್ಗಾಸ್ತಮಾನ’ದಂಥ ಸ್ವತಂತ್ರ ಕೃತಿಗಳು ಕನ್ನಡದ ಮಣ್ಣಿನಿಂದಲೇ ಮೂಡಿದವು.

ಎಡಿನ್‌ಬರೋದಲ್ಲಿ 1840ರ ದಶಕದಲ್ಲಿ ನಿರ್ಮಾಣವಾದ ಸ್ಕಾಟ್ ಸ್ಮಾರಕ ಸುಮಾರು 61 ಮೀಟರ್ ಎತ್ತರವಿದೆ. ಅದರ ಪಕ್ಕದ ರೈಲು ನಿಲ್ದಾಣಕ್ಕೆ ‘ವೇವರ್ಲಿ’ಯ ಹೆಸರಿದೆ. ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ನೋಟುಗಳ ಮೇಲೆ ಸ್ಕಾಟ್‌ನ ಚಿತ್ರವಿದೆ. ದಿವಾಳಿಯಂಚಿಗೆ ಬಂದ ಅದೇ 1826ರಲ್ಲಿ, ಸ್ಕಾಟ್ಲೆಂಡಿನ ಬ್ಯಾಂಕುಗಳ ಒಂದು ಪೌಂಡ್ ನೋಟನ್ನು ರದ್ದುಪಡಿಸಲು ಹೊರಟ ಸರ್ಕಾರವನ್ನು ತನ್ನ ಪತ್ರಗಳಿಂದ ಹಿಮ್ಮೆಟ್ಟಿಸಿದವನು ಅವನು. ಸಾಲದ ಕಥೆಯೂ ಕಡೆಗೆ ಸುಖಾಂತವೇ. ಸ್ಕಾಟ್ ಸತ್ತಾಗ ಬಾಕಿ ಇನ್ನೂ ದೊಡ್ಡದಿತ್ತು. ಜೀವವಿಮೆಯ ಹಣ, ಪುಸ್ತಕಗಳ ಮಾರಾಟ ಮತ್ತು ಗ್ರಂಥಸ್ವಾಮ್ಯದ ಬೆಲೆ ಸೇರಿ ಅದು ಪೂರ್ತಿಯಾಗಿ ಸಂದಾಯವಾಯಿತು. ಸಾಲ ಕೊಟ್ಟ ಯಾರೊಬ್ಬರಿಗೂ ಅವನಿಂದ ನಷ್ಟವಾಗಲಿಲ್ಲ.